ಜೀವಶಾಸ್ತ್ರದ ಮೇಷ್ಟ್ರೊಬ್ಬರಿಂದ ಆಗುವ ಕೆಲಸ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಶಾಲೆ ಕಾಲೇಜಿನಲ್ಲಿ ಲೈಂಗಿಕ ಶಿಕ್ಷಣ ಬೇಕೋ ಬೇಡವೋ ಅಂತ ನಿಮ್ಮ ಓದುಗರ ಅಂಕಣದಲ್ಲಿ ಕೆಲವು ದಿನಗಳಿಂದ ಜಗ್ಗಾಟ ನಡೆದಿದೆ. ಒಬ್ಬರು ಮಕ್ಕಳು ಕೆಡುತ್ತಾರೆ ಅಂದರು. ಇನ್ನೊಬ್ಬರು, ಕೆಡೋದೇನಿದೆ, ಜೀವಶಾಸ್ತ್ರದ ಮೇಷ್ಟ್ರು ಒಂದು ಪಾಠ ಚೆನ್ನಾಗಿ ಮಾಡಿದರೆ ಮುಗೀತು ಅಂದರು. ಮೊದಲನೆಯವರಿಗೆ ಉತ್ತರ ಕೊಡಲು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಇರುವುದು ಎರಡನೆಯವರ ಜೊತೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಒಂದು ಪಾಠದಿಂದ ಇದು ಮುಗಿಯುವ ಹಾಗಿದ್ದರೆ ನನ್ನ ಅಂಗಡಿಗೆ ಗುಟ್ಟಾಗಿ ಬರುವ ಹುಡುಗರಲ್ಲಿ ಎಷ್ಟೋ ಮಂದಿ ಬರುತ್ತಲೇ ಇರಲಿಲ್ಲ.

ನನ್ನದು ರಾಣೆಬೆನ್ನೂರಿನಲ್ಲಿ ಒಂದು ಮೆಡಿಕಲ್ ಶಾಪ್. ಬಸ್ ಸ್ಟ್ಯಾಂಡಿಗೆ ಹತ್ತಿರ, ಹಾಗಾಗಿ ಸುತ್ತಲಿನ ಹಳ್ಳಿಯವರು ಜಾಸ್ತಿ. ಈ ವಿಷಯಕ್ಕೆ ಬರುವವರನ್ನು ಬಾಯಿ ಬಿಡುವ ಮೊದಲೇ ಗುರುತು ಹಿಡಿಯಬಹುದು. ಮೊದಲು ಎದುರಿನ ಪಾನ್ ಅಂಗಡಿ ಹತ್ತಿರ ನಿಂತು ನೋಡುತ್ತಿರುತ್ತಾರೆ. ಕೌಂಟರ್ ಮುಂದೆ ಹೆಂಗಸರಿದ್ದರೆ ರಸ್ತೆ ದಾಟುವುದಿಲ್ಲ. ಎಲ್ಲರೂ ಹೋದ ಮೇಲೆ ಬಂದು ಒಂದು ತಲೆನೋವಿನ ಗುಳಿಗೆ ಕೇಳುತ್ತಾರೆ. ಚಿಲ್ಲರೆ ಇಸ್ಕೊಂಡ ಮೇಲೂ ಕದಲುವುದಿಲ್ಲ. ಆಮೇಲೆ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಪೇಪರ್ ತುಂಡು ಹೊರಗೆ ಬರುತ್ತದೆ, ಈಗೀಗ ಮೊಬೈಲಿನಲ್ಲಿ ತೆಗೆದ ಫೋಟೊ. ‘ಸರ, ಇದು ಐತೇನ್ರಿ?’ ನೋಡಿದರೆ ಅದೇ ಜಾಹೀರಾತು. ನರ ದೌರ್ಬಲ್ಯ, ಹುಡುಗಾಟಿಕೆಯ ಕೆಟ್ಟ ಚಟ, ಶೀಘ್ರಸ್ಖಲನ, ಒಂದೇ ಕೋರ್ಸಿನಲ್ಲಿ ಪರಿಹಾರ, ಗುಟ್ಟು ಕಾಪಾಡಲಾಗುವುದು. ಆ ತುಂಡು ಯಾವ ಪೇಪರಿನದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಏನು ತೊಂದರೆ ಅಂತ ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಧಾತು ಹೊಂಟೈತ್ರಿ.’ ಧಾತು ಅಂದರೆ ಇಲ್ಲಿ ವೀರ್ಯ. ಅದರ ಬೆನ್ನಿಗೆ ಒಂದು ಸಾಲು ದೂರು. ಕೈಕಾಲು ಸೋಲುತ್ತವೆ, ಸೊಂಟ ನೋವು, ಓದಿದ್ದು ತಲೆಗೆ ಹತ್ತುವುದಿಲ್ಲ, ನಿದ್ದೆ ಇಲ್ಲ, ಮುಖದ ಕಳೆ ಹೋಗಿದೆ, ಮದುವೆ ಗೊತ್ತಾಗಿದೆ ಈಗೇನು ಮಾಡಲಿ. ಕೆಲವರಿಗೆ ನಿದ್ದೆಯಲ್ಲಿ ಹೋಗಿದೆ, ಕೆಲವರಿಗೆ ಮೂತ್ರದಲ್ಲಿ ಬಿಳಿಯಾಗಿ ಹೋದಂತೆ ಕಂಡಿದೆ, ಕೆಲವರಿಗೆ ಹಸ್ತಮೈಥುನದ ಅಭ್ಯಾಸವಿದೆ ಮತ್ತು ಅದರಿಂದ ತಾವು ಮುಗಿದೇ ಹೋದೆವು ಅನ್ನುವ ನಂಬಿಕೆ ಇದೆ. ದನಿ ಎಷ್ಟು ಸಣ್ಣದಾಗಿರುತ್ತದೆ ಅಂದರೆ ಫ್ಯಾನ್ ಆಫ್ ಮಾಡಿ ಕೇಳಬೇಕು.

ದೇಹದ ಲೆಕ್ಕ ಸರಳವಾಗಿದೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ 5 ದಾಟುವುದು ಕಡಿಮೆ. ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯ ರಸ. ಅದರಲ್ಲಿ ಬಹುಪಾಲು ನೀರು, ಒಂದಿಷ್ಟು ಫ್ರಕ್ಟೋಸ್ ಅನ್ನುವ ಸಕ್ಕರೆ, ಸ್ವಲ್ಪ ಪ್ರೋಟೀನು, ಸ್ವಲ್ಪ ಸತು. ಒಂದು ಸಲಕ್ಕೆ ಹೋಗುವುದು ಹೆಚ್ಚಿನವರಲ್ಲಿ ಒಂದು ಟೀ ಚಮಚಕ್ಕಿಂತ ಕಡಿಮೆ. ಒಂದು ವೀರ್ಯಾಣು ಬೆಳೆದು ತಯಾರಾಗಲು ಎರಡು ಎರಡೂವರೆ ತಿಂಗಳು ಬೇಕು. ಆದರೆ ತಯಾರಿ ಮಾತ್ರ ಪ್ರಾಯಕ್ಕೆ ಬಂದಾಗಿನಿಂದ ಮುಪ್ಪಿನವರೆಗೆ ನಿಲ್ಲುವುದಿಲ್ಲ, ದಿನಕ್ಕೆ ಕೋಟಿಗಟ್ಟಲೆ ತಯಾರಾಗುತ್ತಲೇ ಇರುತ್ತವೆ. ಹೊರಗೆ ಹೋಗದಿದ್ದರೆ ದೇಹವೇ ಅವನ್ನು ಕರಗಿಸಿಕೊಳ್ಳುತ್ತದೆ. ರಕ್ತವೇ ವೀರ್ಯ ಆಗುತ್ತದೆ ಅಂತ ಜನ ನಂಬುತ್ತಾರೆ, ಆದರೆ ರಕ್ತ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಇದಕ್ಕೂ ಅದಕ್ಕೂ ಕೊಡುಕೊಳ್ಳುವಿಕೆ ಇಲ್ಲ. ಮೂತ್ರ ಬೆಳ್ಳಗೆ ಕಾಣುವುದು ಎಷ್ಟೋ ಸಲ ಅದರಲ್ಲಿರುವ ಫಾಸ್ಫೇಟ್ ಉಪ್ಪಿನಿಂದ. ಲ್ಯಾಬಿನಲ್ಲಿ ಅದಕ್ಕೆ ನಾಲ್ಕು ಹನಿ ಅಸಿಟಿಕ್ ಆಸಿಡ್, ಅಂದರೆ ವಿನೆಗರಿನಲ್ಲಿರುವ ಹುಳಿ, ಬಿಟ್ಟರೆ ಬಿಳುಪು ಕರಗಿ ಮೂತ್ರ ತಿಳಿಯಾಗುತ್ತದೆ. ವೀರ್ಯವಾಗಿದ್ದರೆ ಹಾಗೆ ತಿಳಿಯಾಗುತ್ತಿರಲಿಲ್ಲ. ಮಲಬದ್ಧತೆ ಇದ್ದು ತಿಣುಕಿದಾಗ ಪ್ರಾಸ್ಟೇಟಿನಿಂದ ಒಂದೆರಡು ಹನಿ ಅಂಟು ರಸ ಬರುವುದೂ ಇದೆ, ಅದೂ ರೋಗವಲ್ಲ.

ಇಷ್ಟೇ ತಾನೇ, ಇದನ್ನು ಹೇಳಿದರೆ ಆಯಿತಲ್ಲ ಅಂತ ನಿಮಗೆ ಅನಿಸಬಹುದು. ಆಗುವುದಿಲ್ಲ. ಇದನ್ನು ಓದಿಕೊಂಡವರೂ ಬರುತ್ತಾರೆ. ಸೆಕೆಂಡ್ ಪಿಯು ಬಯಾಲಜಿಯಲ್ಲಿ ಮಾನವ ಸಂತಾನೋತ್ಪತ್ತಿ ಅಂತ ಇಡೀ ಒಂದು ಅಧ್ಯಾಯ ಇದೆ, ಅದರ ಬೆನ್ನಿಗೆ ಸಂತಾನೋತ್ಪತ್ತಿ ಆರೋಗ್ಯ ಅಂತ ಇನ್ನೊಂದು. ಮೇಷ್ಟ್ರು ‘ನೀವೇ ಓದ್ಕೊಳ್ಳಿ’ ಅಂದರೂ ಮಾರ್ಕ್ಸ್ ಬೇಕಲ್ಲ, ಹುಡುಗರು ಓದುತ್ತಾರೆ. ಬಿ.ಎಸ್ಸಿ. ಓದುವ ಹುಡುಗನೊಬ್ಬ ಧಾತುವಿನ ಔಷಧ ಕೇಳಿಕೊಂಡು ಬಂದಿದ್ದ. ನಾನು ಬಿಲ್ಲಿನ ಹಿಂದೆ ಚಿತ್ರ ಬರೆದು ವಿವರಿಸಲು ಹೊರಟರೆ ಅವನೇ ಪೆನ್ನು ಇಸ್ಕೊಂಡು ವೃಷಣ, ಎಪಿಡಿಡೈಮಿಸ್, ವೀರ್ಯನಾಳ ಎಲ್ಲಕ್ಕೂ ಬಾಣ ಎಳೆದು ಹೆಸರು ಬರೆದ. ಒಂದೂ ತಪ್ಪಿಲ್ಲ. ಮತ್ತೆ ಯಾಕಪ್ಪಾ ಈ ಔಷಧ ಅಂದರೆ, ‘ಅದು ಪುಸ್ತಕದಾಗಿಂದ್ರಿ ಸರ, ನಂದು ಬ್ಯಾರೆ’ ಅಂದ.

ನಾನು ಹೇಳಬೇಕು ಅಂತಿರುವುದೆಲ್ಲ ಆ ಒಂದು ಮಾತಿನಲ್ಲಿದೆ. ಅಂಗಗಳ ಪಾಠ ಅವನಿಗೆ ಬಂದಿದೆ, ಹೆದರಿಕೆ ಹಾಗೇ ಇದೆ. ಯಾಕೆ ಅಂದರೆ ಹೆದರಿಕೆಯನ್ನು ಅವನು ಕಲಿತದ್ದು ಪುಸ್ತಕದಿಂದ ಅಲ್ಲ. ಗರಡಿ ಮನೆಯ ಉಸ್ತಾದರಿಂದ, ಹಾಸ್ಟೆಲ್ ರೂಮಿನ ಹಿರಿಯ ಹುಡುಗರಿಂದ, ರೈಲ್ವೆ ಕಾಂಪೌಂಡಿನ ಗೋಡೆ ಬರಹದಿಂದ, ದೇವರ ಹೆಸರಿನಲ್ಲಿ ಪ್ರವಚನ ಹೇಳುವವರಿಂದ ಕಲಿತದ್ದು. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಅನ್ನುವುದು ನಮ್ಮ ಕಡೆ ಅಕ್ಷರ ಬಾರದವರಿಗೂ ಬಾಯಿಪಾಠ. ಇದರ ಹಿಂದೆ ಹಳೆಯ ವೈದ್ಯದ ಒಂದು ಕಲ್ಪನೆಯೂ ಇದೆ: ರಸದಿಂದ ರಕ್ತ, ರಕ್ತದಿಂದ ಮಾಂಸ, ಹೀಗೆ ಮೇದಸ್ಸು, ಮೂಳೆ, ಮಜ್ಜೆ ದಾಟಿ ಏಳನೆಯದಾಗಿ ಶುಕ್ರ, ಅಂದರೆ ವೀರ್ಯ. ಅಷ್ಟು ದೂರ ಬಂದದ್ದು ಅಂದ ಮೇಲೆ ಅದನ್ನು ಕಳೆಯಬಾರದು ಅನ್ನುವುದು ಸಹಜವೇ. ಹಾಗಾಗಿ ಆ ಹುಡುಗನನ್ನು ಮೂಢ ಅಂತ ನಗುವುದು ಬೇಡ. ಅವನ ಸುತ್ತ ಇರುವವರೆಲ್ಲ ನಂಬಿದ್ದನ್ನೇ ಅವನೂ ನಂಬಿದ್ದಾನೆ, ಅಷ್ಟೇ.

ಇದು ನಮ್ಮವರಿಗೆ ಮಾತ್ರ ಅಂಟಿದ ರೋಗ ಅಂತಲೂ ತಿಳಿಯಬೇಡಿ. 18ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಟಿಸೋ ಅನ್ನುವ ದೊಡ್ಡ ವೈದ್ಯ, ಒಂದು ಔನ್ಸ್ ವೀರ್ಯ ಹೋದರೆ ನಲವತ್ತು ಔನ್ಸ್ ರಕ್ತ ಹೋದದ್ದಕ್ಕೆ ಸಮ ಅಂತ ಹೇಳಿ ಯುರೋಪಿನ ಗಂಡಸರನ್ನೆಲ್ಲ ನಡುಗಿಸಿಬಿಟ್ಟಿದ್ದ. ನೋಡಿ, ಅಲ್ಲೂ ಅದೇ ನಲವತ್ತು. 19ನೇ ಶತಮಾನದ ಅಮೆರಿಕದಲ್ಲಿ ಡಾಕ್ಟರ್ ಕೆಲಾಗ್ ಅನ್ನುವವರು ಹಸ್ತಮೈಥುನವೇ ಸಕಲ ರೋಗಕ್ಕೂ ಮೂಲ ಅಂತ ಬರೆದು, ಮಸಾಲೆ ಇಲ್ಲದ ಸಪ್ಪೆ ಊಟ ಉಣ್ಣಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಈಗ ಬೆಳಗಿನ ತಿಂಡಿಗೆ ಹಾಲಿಗೆ ಹಾಕಿಕೊಳ್ಳುವ ಕಾರ್ನ್ ಫ್ಲೇಕ್ಸ್ ಹುಟ್ಟಿದ್ದು ಅದೇ ಕೆಲಾಗ್ ಅವರ ಆಸ್ಪತ್ರೆಯಲ್ಲಿ. ಚೀನಾದಲ್ಲೂ ಶ್ರೀಲಂಕಾದಲ್ಲೂ ಇದೇ ಹೆದರಿಕೆ ಬೇರೆ ಬೇರೆ ಹೆಸರಿನಲ್ಲಿದೆ. ಗಂಡಸಿನ ದೇಹ ಎಲ್ಲಾ ಕಡೆ ಒಂದೇ. ಹೆದರಿಕೆ ಮಾತ್ರ ಕೆಲವು ಕಾಲದಲ್ಲಿ, ಕೆಲವು ಊರಲ್ಲಿ ಹುಟ್ಟಿ, ಕೆಲವು ಕಡೆ ಸತ್ತಿದೆ. ಅಂದರೆ ಅದರ ಬೇರು ದೇಹದಲ್ಲಿಲ್ಲ ಅಂತ ಆಯಿತಲ್ವಾ?

ಹಾಗಾದರೆ ಎಲ್ಲ ಬರೀ ಕಲ್ಪನೆ, ಎದ್ದು ಹೋಗಪ್ಪಾ ಅಂದರೆ ಅದೂ ತಪ್ಪು. ಅವನ ಸುಸ್ತು ನಿಜ, ನಿದ್ದೆಗೆಟ್ಟದ್ದು ನಿಜ. ಮನೋವೈದ್ಯ ಡಾ. ಎನ್.ಎನ್. ವಿಗ್ ಅವರು 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೇ ಆವೃತ್ತಿಗೂ ಆ ಹೆಸರು ಸೇರಿತು. ಇಂಥವರಲ್ಲಿ ಎಷ್ಟೋ ಜನಕ್ಕೆ ಆತಂಕ ಅಥವಾ ಖಿನ್ನತೆ ಇರುವುದು ಮನೋವೈದ್ಯರು ಮತ್ತೆ ಮತ್ತೆ ಕಂಡ ವಿಷಯ. ನಮ್ಮ ಕಡೆ ಗಂಡಸು ‘ನನಗೆ ಬೇಜಾರು, ಅಳು ಬರುತ್ತದೆ’ ಅಂತ ಹೇಳಿಕೊಂಡು ಎಲ್ಲಿಗೂ ಹೋಗುವ ಹಾಗಿಲ್ಲ. ಹೋದರೆ ಮನೆಯಲ್ಲೇ ಬೈಸಿಕೊಳ್ಳುತ್ತಾನೆ. ಧಾತು ಹೋಗುತ್ತಿದೆ ಅಂದರೆ ಮಾತ್ರ ಗೆಳೆಯರೂ ಒಪ್ಪುತ್ತಾರೆ, ಔಷಧ ಮಾರುವವನೂ ಒಪ್ಪುತ್ತಾನೆ. ಕೆಲಸ ಹೋದದ್ದು, ಸಾಲ, ಫೇಲಾದದ್ದು, ಪ್ರೀತಿ ಮುರಿದದ್ದು, ಎಲ್ಲವೂ ಕೊನೆಗೆ ಬಂದು ಇದೊಂದು ಬಾಗಿಲಲ್ಲಿ ನಿಲ್ಲುತ್ತವೆ. ಈ ಬಾಗಿಲಿನ ಹಿಂದೆ ಏನಿದೆ ಅಂತ ಕೇಳಬೇಕಾದವರು ಕೇಳದೆ, ಜಿಂಕ್ ಗುಳಿಗೆಯ ಸ್ಟ್ರಿಪ್ ಕೈಗಿಟ್ಟು ಕಳಿಸಿದರೆ ಹುಡುಗ ಮುಂದಿನ ತಿಂಗಳು ಮತ್ತೆ ಬರುತ್ತಾನೆ.

ಹೆಂಗಸರ ಕಥೆ ಕೇಳಿ. ಅವರು ಬರುವುದು ಬಿಳಿ ಹೋಗುವುದಕ್ಕೆ. ಮುಟ್ಟಿನ ತಿಂಗಳ ನಡುವೆ ಸ್ವಲ್ಪ ಬಿಳಿ ಸ್ರಾವ ಆಗುವುದು ಸಹಜ. ತುರಿಕೆ, ದುರ್ವಾಸನೆ, ಹಸಿರು ಅಥವಾ ಮೊಸರಿನಂಥ ಸ್ರಾವ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಲೇಬೇಕು, ಅದು ಸೋಂಕಿರಬಹುದು. ಆದರೆ ಎಷ್ಟೋ ಹೆಂಗಸರಿಗೆ ಇದ್ಯಾವುದೂ ಇರುವುದಿಲ್ಲ, ‘ಬಿಳಿ ಹೋಗಿ ಹೋಗಿ ಎಲುಬು ಸವದಾವ್ರಿ’ ಅಂತಾರೆ. ಗೋವಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಮಾತನಾಡಿಸಿ, ಪರೀಕ್ಷೆಯನ್ನೂ ಮಾಡಿ ಒಂದು ದೊಡ್ಡ ಅಧ್ಯಯನ ನಡೆಯಿತು, 2005ರಲ್ಲಿ ಪ್ರಕಟವಾಯಿತು. ಬಿಳಿ ಹೋಗುತ್ತದೆ ಅನ್ನುವ ದೂರಿಗೂ ಸೋಂಕಿಗೂ ಇದ್ದ ನಂಟಿಗಿಂತ, ಆ ದೂರಿಗೂ ಮನಸ್ಸಿನ ನೋವಿಗೂ ಇದ್ದ ನಂಟೇ ಗಟ್ಟಿಯಾಗಿತ್ತು. ಗಂಡನ ಕುಡಿತ, ಮನೆಯ ಹೊಡೆತ, ಮಗ ಆಗಲಿಲ್ಲ ಅನ್ನುವ ಮಾತು, ಇವನ್ನು ಹೇಳಲು ಆಕೆಗೂ ಬೇರೆ ಬಾಗಿಲಿಲ್ಲ. ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ನುಂಗುತ್ತಾ ಹೋಗುತ್ತಾಳೆ. ಗಂಡನೋ, ಮೇಲೆ ಹೇಳಿದ ಜಾಹೀರಾತಿನ ಔಷಧ ನುಂಗುತ್ತಿರುತ್ತಾನೆ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಗುಳಿಗೆ ತಿನ್ನುವುದನ್ನು ನಾನು ನೋಡಿದ್ದೇನೆ. ಅವರ ಗುಟ್ಟು ಗೊತ್ತಿರುವುದು ನನಗೊಬ್ಬನಿಗೇ.

ಇನ್ನು ನಿಮಿರುವಿಕೆಯ ತೊಂದರೆ. ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದೇಹದ ಕಡೆಯಿಂದ ನೋಡಿದರೆ ಇದು ರಕ್ತನಾಳದ ವಿಷಯ. ನರದ ತುದಿಯಲ್ಲೂ ನಾಳದ ಒಳಪದರದಲ್ಲೂ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹುಟ್ಟಿ ನಾಳವನ್ನು ಸಡಿಲ ಮಾಡುತ್ತದೆ, ರಕ್ತ ತುಂಬಿಕೊಳ್ಳುತ್ತದೆ. ದೇಹದಲ್ಲಿ ಈ ಅನಿಲದ ಕೆಲಸವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಅಮೆರಿಕದಲ್ಲಿ ವಯಾಗ್ರಾ ಅಂಗಡಿಗೂ ಬಂತು. ಅದನ್ನು ಮೊದಲು ಪರೀಕ್ಷೆ ಮಾಡಿದ್ದು ಎದೆನೋವಿಗೆ, ಅದು ಬೇರೆ ಕಥೆ. ಮುಖ್ಯ ವಿಷಯ ಏನೆಂದರೆ ಶಿಶ್ನದ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟಿನಿಂದ ನಾಳ ಕಟ್ಟತೊಡಗಿದರೆ ಮೊದಲು ಗೊತ್ತಾಗುವುದು ಅಲ್ಲೇ ಇರಬಹುದು. ಐವತ್ತರ ಆಸುಪಾಸಿನ ಗಂಡಸು ಇದೇ ದೂರು ಹೇಳಿದರೆ ನಾನು ಮೊದಲು ಹೇಳುವುದು ಸಕ್ಕರೆ, ಬಿಪಿ ತೋರಿಸಿಕೊಂಡು ಬನ್ನಿ ಅಂತ. ಅವರಿಗೆ ಸಿಟ್ಟು ಬರುತ್ತದೆ. ನಾ ಕೇಳಿದ್ದೇನು, ನೀವು ಹೇಳೋದೇನು ಅಂತಾರೆ.

ಇಪ್ಪತ್ತೈದರ ಹುಡುಗನ ಕಥೆ ಬೇರೆ. ಬೆಳಗಿನ ಜಾವ ತಾನಾಗೇ ನಿಮಿರುತ್ತದೆ, ಅಂದರೆ ನಾಳ ನರ ಎರಡೂ ಚೆನ್ನಾಗಿವೆ. ಮದುವೆಯಾದ ಹೊಸತರಲ್ಲಿ ಮಾತ್ರ ಆಗುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನುವ ಇಬ್ಬರು 1957ರಿಂದ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ನೂರಾರು ಹೆಂಗಸರು ಗಂಡಸರ ದೇಹದಲ್ಲಿ ಆಗುವ ಬದಲಾವಣೆಗಳನ್ನು ಅಳೆದು ನೋಡಿದರು. ಹಾಗೆ ದೇಹವನ್ನೇ ಅಳೆಯುತ್ತಾ ಹೋದವರು ಚಿಕಿತ್ಸೆಗೆ ಬಂದಾಗ ಹೇಳಿದ್ದು ಮನಸ್ಸಿನ ಮಾತು. ಗಂಡಸು ಆ ಹೊತ್ತಿನಲ್ಲಿ ತಾನೇ ದೂರ ನಿಂತು ‘ಆಗುತ್ತೋ ಇಲ್ಲವೋ’ ಅಂತ ತನ್ನನ್ನು ತಾನು ಪರೀಕ್ಷೆ ಮಾಡುತ್ತಿರುತ್ತಾನೆ, ಆ ಪರೀಕ್ಷೆಯೇ ಕೆಲಸ ಕೆಡಿಸುತ್ತದೆ ಅಂತ. ಅವರು ಕೊಟ್ಟ ಚಿಕಿತ್ಸೆಯೂ ತಮಾಷೆಯಾಗಿತ್ತು: ಕೆಲವು ದಿನ ಸಂಭೋಗವೇ ಬೇಡ, ಸುಮ್ನೆ ಒಬ್ಬರನ್ನೊಬ್ಬರು ಮುಟ್ಟಿ, ಮಾತಾಡಿ, ಅಷ್ಟು ಸಾಕು. ನಮ್ಮಲ್ಲಿ ಆ ಹುಡುಗನ ಪರೀಕ್ಷೆಗೆ ಅವನೊಬ್ಬನೇ ಮೇಲ್ವಿಚಾರಕ ಅಲ್ಲ. ಹೊರಗೆ ಸೋದರತ್ತೆ, ಭಾವ, ಗೆಳೆಯರು ಎಲ್ಲ ಬೆಳಗಾಗುವುದನ್ನೇ ಕಾಯುತ್ತಿರುತ್ತಾರೆ. ಆರು ತಿಂಗಳಾದರೆ ‘ಏನರ ವಿಶೇಷ ಐತೇನು’ ಅಂತ ಬೀದಿಯವರೂ ಕೇಳುತ್ತಾರೆ. ಇದರ ನಡುವೆ ಆ ಹುಡುಗಿಯ ಮನಸ್ಸಿನಲ್ಲಿ ಏನಿದೆ, ಆಕೆಗೆ ಏನು ಬೇಕು ಏನು ಬೇಡ ಅಂತ ಕೇಳಿದವರೇ ಇರುವುದಿಲ್ಲ. ನನಗೆ ಅತ್ಯಂತ ಬೇಸರ ತರುವುದು ಇದೇ.

ಅಂಗಡಿಯವನಾಗಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ ಅಂತ ಮಾರುವ ಶಕ್ತಿ ಗುಳಿಗೆಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್, ಅಂದರೆ ವಯಾಗ್ರಾದ ಔಷಧವನ್ನೇ, ಬೆರೆಸಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಅದರ ಜೊತೆ ಇದನ್ನು ತಿಂದರೆ ಬಿಪಿ ಒಮ್ಮೆಲೇ ಇಳಿದು ಪ್ರಾಣಕ್ಕೇ ಬರಬಹುದು. ಸಿಲ್ಡೆನಾಫಿಲ್ ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಔಷಧವೇ ಅಲ್ಲ. ಚೀಟಿ ತರಲು ನಾಚಿಕೊಂಡು ಅದೇ ಔಷಧವನ್ನು ಬೇರೆ ಹೆಸರಿನಲ್ಲಿ, ಎಷ್ಟು ಮಿಲಿಗ್ರಾಂ ಇದೆ ಅಂತಲೂ ಗೊತ್ತಿಲ್ಲದೆ, ಪೋಸ್ಟಿನಲ್ಲಿ ತರಿಸಿಕೊಂಡು ತಿನ್ನುವವರು ಇದ್ದಾರೆ.

ಈ ಧಾತುವಿನ ಭಯ ಒಬ್ಬೊಬ್ಬರ ಖಾಸಗಿ ಚಿಂತೆಯಾಗಿ ಉಳಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಅದು ಹೆಂಗಸರ ಹೊಟ್ಟೆಯ ಮೇಲೆ ಗಾಯವಾಗಿ ಕೂತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 37.9ರಷ್ಟು ಜನಕ್ಕೆ ಸಂತಾನಹರಣ ಆಪರೇಷನ್ ಆಗಿದೆ. ಗಂಡನಿಗೆ ಆಪರೇಷನ್ ಆಗಿರುವುದು 0.3. ನಮ್ಮ ಕರ್ನಾಟಕದಲ್ಲಂತೂ ಹೆಂಗಸರ ಪಾಲು ಅರ್ಧಕ್ಕಿಂತ ಮೇಲೆ. ಗಂಡಸರದ್ದು ಸಣ್ಣ ಆಪರೇಷನ್. ಹೊಟ್ಟೆ ಕೊಯ್ಯುವುದಿಲ್ಲ, ಅದೇ ದಿನ ಮನೆಗೆ ಬರಬಹುದು. ವೀರ್ಯಾಣು ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ವೀರ್ಯ ಹೆಚ್ಚುಕಮ್ಮಿ ಮೊದಲಿನಷ್ಟೇ ಬರುತ್ತದೆ, ಯಾಕೆಂದರೆ ಅದರಲ್ಲಿ ವೀರ್ಯಾಣುವಿನ ಪಾಲೇ ಅಷ್ಟು ಕಡಿಮೆ ಅಂತ ಮೇಲೆ ಹೇಳಿದೆನಲ್ಲ. ಗಂಡು ಹಾರ್ಮೋನಿಗೂ ಏನೂ ಆಗುವುದಿಲ್ಲ. ಆದರೂ ಹಳ್ಳಿಯಲ್ಲಿ ಕೇಳಿ ನೋಡಿ: ‘ಗಂಡಸು ಆಪರೇಷನ್ ಮಾಡಿಸ್ಕೊಂಡ್ರ ಚೀಲ ಹೊರಾಕ ಆಗಂಗಿಲ್ರಿ.’ ಇದನ್ನು ಹೇಳುವುದು ಗಂಡಸರಷ್ಟೇ ಅಲ್ಲ, ಅವರ ತಾಯಂದಿರೂ ಹೆಂಡಂದಿರೂ ಹೇಳುತ್ತಾರೆ. 1975-77ರ ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ತಂದು ಆಪರೇಷನ್ ಮಾಡಿಸಿದ ನೆನಪೂ ಇದರಲ್ಲಿ ಸೇರಿದೆ. ಇದನ್ನು ಬರೀ ದೇಹದ ಪಾಠ ಸರಿಮಾಡುತ್ತದೆಯೇ? ಚರಿತ್ರೆ ಗೊತ್ತಿಲ್ಲದ ಆರೋಗ್ಯ ಇಲಾಖೆಯ ಪೋಸ್ಟರ್ ಇಷ್ಟು ವರ್ಷದಿಂದ ಗೋಡೆಯ ಮೇಲಿದೆ, ಸಂಖ್ಯೆ ಮಾತ್ರ ಅಲ್ಲೇ ಇದೆ.

ಲೈಂಗಿಕ ವಿಷಯವನ್ನು ಶಾಸ್ತ್ರವಾಗಿ ಓದಿದವರು ಹೇಗೆ ಶುರು ಮಾಡಿದರು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಒಂದೇ ಕಣ್ಣಿನಲ್ಲಿ ನೋಡಿದರೆ ಏನಾಗುತ್ತದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಆಲ್ಫ್ರೆಡ್ ಕಿನ್ಸಿ ಮೂಲತಃ ಒಂದು ಜಾತಿಯ ಸಣ್ಣ ಕಣಜಗಳನ್ನು ರಾಶಿ ರಾಶಿ ಹಿಡಿದು ಅಳೆಯುತ್ತಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರು, ಅಮೆರಿಕದ ಇಂಡಿಯಾನಾದಲ್ಲಿ. 1938ರಲ್ಲಿ ಮದುವೆಯ ಬಗ್ಗೆ ಪಾಠ ಮಾಡುವ ಕೆಲಸ ಬಂತು, ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಕೊಡಲು ಲೆಕ್ಕವೇ ಇಲ್ಲ ಅಂತ ಗೊತ್ತಾಯಿತು, ಸಾವಿರಾರು ಜನರನ್ನು ಎದುರು ಕೂರಿಸಿಕೊಂಡು ಮಾತನಾಡಿಸಲು ಹೊರಟರು. ಅವರ ಜಾಣತನ ಪ್ರಶ್ನೆ ಕೇಳುವುದರಲ್ಲಿತ್ತು. ‘ಹಸ್ತಮೈಥುನ ಮಾಡಿಕೊಂಡಿದ್ದೀರಾ’ ಅಂತ ಕೇಳುತ್ತಿರಲಿಲ್ಲ, ‘ಯಾವಾಗ ಶುರು ಮಾಡಿದಿರಿ’ ಅಂತ ಕೇಳುತ್ತಿದ್ದರು. ಮುಚ್ಚಿಡುವವನಿಗೇ ಕಷ್ಟ ಆಗಬೇಕು ಅಂತ. 1948ರಲ್ಲಿ ಗಂಡಸರ ಬಗ್ಗೆ ವರದಿ ಬಂದಾಗ ನೂರಕ್ಕೆ 92 ಜನ ಹೌದು ಅಂದಿದ್ದರು. 1953ರ ಹೆಂಗಸರ ವರದಿಯಲ್ಲಿ 62. ಅಲ್ಲಿಯವರೆಗೆ ‘ನಾನೊಬ್ಬನೇ ಪಾಪಿ’ ಅಂದುಕೊಂಡಿದ್ದವರಿಗೆ ಆ ಒಂದು ಸಂಖ್ಯೆ ಯಾವ ಉಪದೇಶವೂ ಮಾಡದ ಕೆಲಸ ಮಾಡಿರಬೇಕು. ಕಿನ್ಸಿ ಜನರನ್ನು ಆರಿಸಿದ ರೀತಿ ಸರಿಯಿಲ್ಲ ಅಂತ ಸಂಖ್ಯಾಶಾಸ್ತ್ರದವರು ಆಗಲೇ ಹಿಡಿದು ಹಾಕಿದರು, ಅದೂ ನ್ಯಾಯವೇ. ಸಿಕ್ಕವರನ್ನು, ಹೇಳಲು ಮುಂದೆ ಬಂದವರನ್ನು ಕೇಳಿದರೆ ಅದು ದೇಶದ ಲೆಕ್ಕ ಆಗುವುದಿಲ್ಲ. ಎಣಿಕೆ ಎಷ್ಟು ಅಂತ ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ, ಮನಸ್ಸಿಗೆ ಏನನಿಸಿತು ಅಂತಲೂ ಹೇಳುವುದಿಲ್ಲ.

ಮನಸ್ಸಿನ ಶಾಸ್ತ್ರ ಒಂದನ್ನೇ ನಂಬಿದರೂ ಎಡವಟ್ಟಾಗುತ್ತದೆ. ಸಲಿಂಗ ಪ್ರೀತಿಯನ್ನು ಅಮೆರಿಕದ ಮನೋವೈದ್ಯರ ಸಂಘ 1973ರವರೆಗೆ ರೋಗ ಅಂತಲೇ ಪಟ್ಟಿಯಲ್ಲಿಟ್ಟಿತ್ತು, ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟದ್ದು 1990ರಲ್ಲಿ. ನಮ್ಮ ಸುಪ್ರೀಂ ಕೋರ್ಟ್ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರಿನಲ್ಲಿ. ಚಿಕಿತ್ಸೆಗೆ ಬಂದು ಕಣ್ಣೀರು ಹಾಕುವವರನ್ನು ಮಾತ್ರ ನೋಡಿದ ವೈದ್ಯರು, ಕಣ್ಣೀರಿಗೆ ಕಾರಣ ಸಮಾಜದ ಕಾಟ ಇರಬಹುದು ಅಂತ ಯೋಚಿಸದೆ ಅವರ ಪ್ರೀತಿಯನ್ನೇ ರೋಗ ಅಂತ ಬರೆದುಬಿಟ್ಟಿದ್ದರು. ಈಗ ಎಲ್ಲ ಸರಿಯಾಯಿತು ಅಂತಲೂ ಇಲ್ಲ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂಬಿಬಿಎಸ್ ಪಠ್ಯದಲ್ಲಿ ಹೆಂಗಸರ ಸಲಿಂಗ ಸಂಬಂಧವನ್ನು ಲೈಂಗಿಕ ಅಪರಾಧದ ಸಾಲಿಗೆ ಮತ್ತೆ ಸೇರಿಸಿ, ಗಲಾಟೆ ಆದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡಿತು. ಡಾಕ್ಟರುಗಳ ಪಾಠವೇ ಹೀಗಿದ್ದರೆ ನಮ್ಮ ಪಿಯು ಮೇಷ್ಟ್ರೊಬ್ಬರನ್ನು ಬೈದು ಏನು ಪ್ರಯೋಜನ.

ನಮ್ಮ ಸಂಸ್ಕೃತಿಗೆ ಇದು ಒಗ್ಗಲ್ಲ ಅನ್ನುವವರಿಗೆ ಒಂದು ಮಾತು. ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಅಂತ ಹೇಳುವುದು ನಮ್ಮ ಮೈಸೂರು ಸಂಸ್ಥಾನದ್ದನ್ನು, 1930ರಲ್ಲಿ, ರಾಜರ ಆಳ್ವಿಕೆಯಲ್ಲಿ. ಅದೇ ನಾಡಿನಲ್ಲಿ 2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ವಿಷಯವನ್ನೂ ಹೇಳಿಕೊಡುವ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ಬೇಡ ಅಂತ ನಿಲ್ಲಿಸಿದೆವು.

ಈಗ ಆ ಪೇಪರ್ ತುಂಡಿನ ವಿಷಯ. ಸಂಪಾದಕರೇ, ಅದರಲ್ಲಿ ಎಷ್ಟೋ ತುಂಡುಗಳು ನಿಮ್ಮ ಪತ್ರಿಕೆಯವೇ. ಕ್ಲಾಸಿಫೈಡ್ ಪುಟದ ಕೆಳಗಿನ ಮೂಲೆ, ಕಪ್ಪು ಚೌಕಟ್ಟು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದದ್ದು 1954ರಲ್ಲಿ. ಲೈಂಗಿಕ ಸುಖದ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು ಅದರ 3ನೇ ಸೆಕ್ಷನ್ ನೇರವಾಗಿ ನಿಷೇಧಿಸಿದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಜಾಹೀರಾತು ಪ್ರಕಟಿಸುವುದರಲ್ಲಿ ಕೈಜೋಡಿಸಿದವರೂ ಅದರ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಸಂಪಾದಕೀಯದಲ್ಲಿ ವೈಜ್ಞಾನಿಕ ಮನೋಭಾವ ಬೇಕು ಅಂತ ಬರೆದ ದಿನವೇ ಒಳಗಿನ ಪುಟದಲ್ಲಿ ನರ ದೌರ್ಬಲ್ಯದ ಜಾಹೀರಾತು ಇದ್ದದ್ದನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬೇಕಿದ್ದರೆ ಕಳಿಸುತ್ತೇನೆ. ಜಾಹೀರಾತು ವಿಭಾಗ ಬೇರೆ, ಸಂಪಾದಕೀಯ ವಿಭಾಗ ಬೇರೆ ಅಂತ ಹೇಳಬೇಡಿ, ಹಳ್ಳಿಯ ಹುಡುಗನಿಗೆ ಎರಡೂ ಒಂದೇ. ಪೇಪರಿನಲ್ಲಿ ಬಂದಿದೆ ಅಂದರೆ ನಿಜ ಅಂತ ಅವನ ಲೆಕ್ಕ.

ಜಾಹೀರಾತು ನಿಲ್ಲಿಸಿ ಅನ್ನುವುದು ನನ್ನ ಅರ್ಧ ಬೇಡಿಕೆ. ಇನ್ನರ್ಧ, ಆ ಜಾಗದಲ್ಲಿ ಒಂದು ಪ್ರಶ್ನೋತ್ತರ ಅಂಕಣ ಮಾಡಿ. ಇಂಥ ಅಂಕಣಗಳು ಕನ್ನಡ ಪತ್ರಿಕೆಗಳಿಗೆ ಹೊಸದೇನಲ್ಲ, ಒಳ್ಳೆಯ ಡಾಕ್ಟರುಗಳು ಬರೆದಿದ್ದಾರೆ, ಅವರಿಂದ ಉಪಕಾರವೂ ಆಗಿದೆ. ಆದರೆ ಉತ್ತರ ಒಬ್ಬರೇ ಕೊಡುವುದು ಬೇಡ. ಒಂದೇ ಪ್ರಶ್ನೆಗೆ ಒಬ್ಬ ಡಾಕ್ಟರು, ಒಬ್ಬ ಮನಶ್ಶಾಸ್ತ್ರಜ್ಞರು, ಹಳ್ಳಿ ಪೇಟೆಯ ಬದುಕು ಬಲ್ಲ ಒಬ್ಬ ಸಮಾಜಶಾಸ್ತ್ರದವರು, ಮೂವರೂ ಅಕ್ಕಪಕ್ಕದಲ್ಲಿ ಬರೆಯಲಿ. ಅವರಲ್ಲಿ ಕಡೇಪಕ್ಷ ಒಬ್ಬರು ಹೆಂಗಸಾಗಿರಲಿ. ಒಬ್ಬರ ಉತ್ತರ ಇನ್ನೊಬ್ಬರಿಗೆ ಒಪ್ಪಿಗೆಯಾಗದಿದ್ದರೆ ಅದನ್ನೂ ಹಾಗೇ ಅಚ್ಚು ಹಾಕಿ. ಕಾಲೇಜಿನಲ್ಲೂ ಹೀಗೇ ಆಗಬೇಕು. ಬಯಾಲಜಿಯವರ ಜೊತೆ ಸೈಕಾಲಜಿ, ಸೋಶಿಯಾಲಜಿ ಮೇಷ್ಟ್ರುಗಳೂ ಒಂದೇ ತರಗತಿಗೆ ಬರಲಿ, ಆರ್ಟ್ಸ್ ಕಾಮರ್ಸ್ ಹುಡುಗ ಹುಡುಗಿಯರೂ ಕೂರಲಿ. ಹತ್ತನೇ ತರಗತಿ ಆದ ಮೇಲೆ ಅವರಿಗೆ ಬಯಾಲಜಿಯೇ ಇಲ್ಲ.

ಬೈಗುಳ ಬರುತ್ತದೆ ಅಂತ ಹೆದರಿಕೆಯಿದ್ದರೆ ಮುಂಬೈಯ ರಘುನಾಥ ಧೋಂಡೋ ಕರ್ವೆ ಅವರನ್ನು ನೆನೆಸಿಕೊಳ್ಳಿ. ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು, 1921ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದರು, 1927ರಿಂದ ಸಾಯುವವರೆಗೆ ಈ ವಿಷಯಕ್ಕೇ ಮರಾಠಿಯಲ್ಲಿ ಒಂದು ಪತ್ರಿಕೆ ನಡೆಸಿದರು. ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಅಶ್ಲೀಲ ಅಂತ ಅವರ ಮೇಲೆ ಕೇಸು ಬಿತ್ತು. 1934ರಲ್ಲಿ ಅವರ ಪರ ನಿಂತು ವಾದ ಮಾಡಿದವರು ಬಾಬಾಸಾಹೇಬ್ ಅಂಬೇಡ್ಕರ್. ಕೇಸು ಸೋತರು, ದಂಡ ಕಟ್ಟಿದರು, ಪತ್ರಿಕೆ ನಿಲ್ಲಿಸಲಿಲ್ಲ. ನಿಮಗೆ ಈಗ ಅಷ್ಟು ಕಷ್ಟ ಇಲ್ಲ. ಕಾನೂನು ಮುರಿಯುತ್ತಿರುವುದು ಆ ಜಾಹೀರಾತು, ಉತ್ತರವಲ್ಲ.

ಪ್ರಶ್ನೆಗಳನ್ನು ಎಲ್ಲಿಂದ ತರುವುದು ಅಂತ ಯೋಚನೆ ಬೇಡ. ಹೆಸರು ಬರೆಯದೆ ಚೀಟಿ ಹಾಕುವ ಒಂದು ಡಬ್ಬಿ ಕಳಿಸಿ, ಕೌಂಟರಿನ ಮೂಲೆಯಲ್ಲಿ ಇಡುತ್ತೇನೆ. ಅಲ್ಲಿಯವರೆಗೆ ಒಂದನ್ನು ಈಗಲೇ ಕೊಡುತ್ತೇನೆ, ಒಬ್ಬ ಹೆಂಗಸು ಕೇಳಿದ್ದು: ‘ಎರಡೂ ಹೆರಿಗಿ ಸಿಜೇರಿಯನ್ ಆಗ್ಯಾವ್ರಿ, ಈ ಸಲ ಆಪರೇಷನ್ ಅವ್ರು ಮಾಡಿಸ್ಕೊಳ್ಳಲಿ ಅಂತ ಹೇಳಬೇಕಂತೀನಿ. ನಮ್ಮ ಅತ್ತಿಯವ್ರಿಗೆ ಗೊತ್ತಾದ್ರ ಮನಿ ಬಿಡಸ್ತಾರ. ಹ್ಯಾಂಗ ಹೇಳ್ಲಿ?’

ಇಂತಿ,
ಒಬ್ಬ ಮೆಡಿಕಲ್ ಶಾಪ್‌ನವನು, ರಾಣೆಬೆನ್ನೂರು
(ಗಿರಾಕಿಗಳ ಗುಟ್ಟಿನ ಸಲುವಾಗಿ ನನ್ನ ಹೆಸರು ಹಾಕಬೇಡಿ)